ಶಂಭಣ್ಣನ ಎರಡು ಶಿಳ್ಳೆ

ಬಂಟ್ವಾಳದಿಂದ ಹೊರಟು ಸಿದ್ಧಕಟ್ಟೆ, ಮೂಡುಬಿದಿರೆ ದಾಟಿ ಶಿರ್ತಾಡಿಗೆ ಹೋಗುವ ವಹಾಬಾಕರ ಬಸ್ಸಿನಲ್ಲಿ ಕಂಡಕ್ಟರ್ ಶಂಭಣ್ಣ ಪೀಪಿ ಇಟ್ಟುಕೊಂಡವರಲ್ಲ. ನಾಲಗೆಯ ತುದಿಯನ್ನು ಕೆಳಗಿನ ಹಲ್ಲಿಗೆ ಒತ್ತಿ ತುಟಿಯನ್ನು ತುಸು ಎಡಕ್ಕೆ ಎಳೆದರೆ ಸಾಕು, ಅವರ ಶಿಳ್ಳೆ ಹಿಂದಿನ ಬಾಗಿಲಿನಿಂದ ಡ್ರೈವರ್ ಸೀಟಿನವರೆಗೆ ಎಲ್ಲರ ತಲೆಯ ಮೇಲಿಂದ ನೇರ ಹೋಗುತ್ತಿತ್ತು. ಒಂದು ಎಂದರೆ ನಿಲ್ಲಿಸು. ಎರಡು ಎಂದರೆ ಹೊರಡು. ಎರಡನೆಯದರ ಕೊನೆಯಲ್ಲಿ ಒಂದು ಸಣ್ಣ ಬಾಗು ಇತ್ತು, ಮೇಲಕ್ಕೆ ಹಾರಿದ ಹಕ್ಕಿ ಕೊಂಬೆ ಕಂಡು ಇಳಿದ ಹಾಗೆ. ಆ ಬಾಗು ಈ ರೂಟಿನಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ.

ಡ್ರೈವರ್ ರುಕ್ಮಯ್ಯಣ್ಣನಿಗೆ ಆ ಬಾಗೇ ಬೇಕು. ಬೆಳಿಗ್ಗೆ ಕಾಲೇಜಿನ ಹೊತ್ತಿಗೆ ಎಡಗನ್ನಡಿಯ ತುಂಬ ಫುಟ್‌ಬೋರ್ಡಿನಲ್ಲಿ ನೇತಾಡುವ ಹುಡುಗರ ಬೆನ್ನುಗಳೇ. ಹಿಂದಿನ ಬಾಗಿಲಲ್ಲಿ ಯಾರು ಇಳಿದರು, ಯಾರು ಇನ್ನೂ ಇಳಿಯುತ್ತಿದ್ದಾರೆ ಎಂದು ಕಾಣುವುದಿಲ್ಲ. ಹಾಗಾಗಿ ರುಕ್ಮಯ್ಯಣ್ಣ ಕಿವಿಯಿಂದ ಬಸ್ಸು ಬಿಡುತ್ತಿದ್ದರು. ಹುಡುಗರು ಚೇಷ್ಟೆಗೆ ಶಿಳ್ಳೆ ಹಾಕುವುದಿತ್ತು. ಆದರೆ ರುಕ್ಮಯ್ಯಣ್ಣನ ಕೈ ಗೇರಿನ ಮೇಲೆ ಅಲ್ಲಾಡುತ್ತಿರಲಿಲ್ಲ.

"ಅದು ಕುಕ್ಕರ್. ಶಂಭುವಿನದ್ದು ನನಗೆ ನಿದ್ರೆಯಲ್ಲೂ ಗೊತ್ತಾಗ್ತದೆ," ಎನ್ನುತ್ತಿದ್ದರು.

ಇಬ್ಬರಿಗೂ ಬೇರೆ ಎಲ್ಲದರಲ್ಲೂ ಜಗಳ. ಯಾವ ಹೋಟೆಲಿನ ಚಾ ಒಳ್ಳೆಯದು, ಹಿಂದಿನ ಟಯರಿನ ಗಾಳಿ ಸಾಕೋ ಸಾಲದೋ, ದಾರಿಯ ರಾಯಿ ಎಂಬ ಊರಿನ ತಿರುವಿನಲ್ಲಿ ಮೊದಲು ಹಾರ್ನ್ ಹಾಕಬೇಕಾದವರು ಯಾರು. ಶಿಳ್ಳೆಯ ಬಗ್ಗೆ ಮಾತ್ರ ಅವರ ನಡುವೆ ಒಂದು ಮಾತೂ ಬಂದದ್ದಿಲ್ಲ. ಉಸಿರಾಟದ ಬಗ್ಗೆ ಯಾರೂ ಮಾತನಾಡುವುದಿಲ್ಲವಲ್ಲ, ಹಾಗೆ.

ಸಿದ್ಧಕಟ್ಟೆಯಲ್ಲಿ ಹತ್ತುವ ನಿಖಿತಾ ಮೂಡುಬಿದಿರೆಯಲ್ಲಿ ಬಿಸಿಎ ಓದುವ ಹುಡುಗಿ. ಆ ವರ್ಷ ಅವಳು ಒಂದು ಆಟ ಮಾಡುತ್ತಿದ್ದಳು. ಪರದೆಯ ಮೇಲೆ ಸಾಲಾಗಿ ನಿಂತ ಗೊಂಬೆಗಳು, ಕೆಳಗೆ ಟೊಪ್ಪಿಗಳ ಸಾಲು. ಒಂದು ಟೊಪ್ಪಿಯನ್ನು ಬೆರಳಿನಿಂದ ಎಳೆದು ಗೊಂಬೆಯ ತಲೆಗಿಟ್ಟರೆ ಅದು ತನ್ನ ಸದ್ದು ಶುರು ಮಾಡುತ್ತದೆ, ಮುಗಿದ ಕೂಡಲೇ ಮತ್ತೆ ಮೊದಲಿನಿಂದ. ಇನ್ನೊಂದು ಗೊಂಬೆಗೆ ಇನ್ನೊಂದು ಸದ್ದು. ಸದ್ದಿಗೆ ಸದ್ದು ಕೂಡಿ ಹಾಡಿನಂಥದ್ದು ಏನೋ ಹುಟ್ಟುತ್ತದೆ. ಮೂಲ ಆಟ ಯಾವುದೋ ದೂರದ ದೇಶದವರದ್ದು. ಅದನ್ನು ಮೆಚ್ಚಿದವರು ಎಲ್ಲೆಲ್ಲೋ ಕೂತು ತಮ್ಮ ಗೊಂಬೆ, ತಮ್ಮ ಸದ್ದು ಹಾಕಿ ಹೊಸ ಆಟಗಳನ್ನು ಮಾಡಿ ಬಿಡುತ್ತಾರೆ. ಬ್ರೌಸರಿನಲ್ಲಿ ಲಿಂಕ್ ತೆರೆದರೆ ಆಯಿತು, ಬೇರೆ ಏನೂ ಬೇಡ. ನಿಖಿತಾಳ ಆಟದಲ್ಲಿ ಮೀನಿನ ಸ್ಕೂಟರಿನ ಹಾರ್ನ್ ಇತ್ತು, ಬೀಡಿ ಎಲೆ ಕತ್ತರಿಸುವ ಕತ್ತರಿ ಇತ್ತು, ಅವಳ ಅಜ್ಜಿ ತೆಂಗಿನಕಾಯಿ ತುರಿಯುವ ಸದ್ದಿತ್ತು, ಕಪ್ಪೆ ಇತ್ತು. ಒಂದು ಗೊಂಬೆ ಇನ್ನೂ ಸುಮ್ಮನೆ ನಿಂತಿತ್ತು.

"ಶಂಭಣ್ಣ, ನಿಮ್ಮ ಶಿಳ್ಳೆ ಒಂದು ಕೊಡ್ತೀರಾ?"

"ಎಂತಕ್ಕೆ? ನಿಮ್ಮ ಮನೆಯಲ್ಲಿ ಬಸ್ಸುಂಟಾ?"

"ಗೇಮಿಗೆ. ಇನ್ನು ನಿಮ್ಮನ್ನು ಅಮೆರಿಕದವರೂ ಕೇಳ್ತಾರೆ."

"ಅಮೆರಿಕದವರು ಹಿಂದೆ ಹೋಗಿ ಹಿಂದೆ ಹೋಗಿ ಅಂದ್ರೆ ಹೋಗ್ತಾರಾ ಕೇಳು. ಇಲ್ಲಿಯವರಂತೂ ಹೋಗುವುದಿಲ್ಲ."

ಹೀಗೆ ಹೇಳಿದವರೇ ಮರುದಿನ ಮೂಡುಬಿದಿರೆ ಸ್ಟ್ಯಾಂಡಿನಲ್ಲಿ ಬಸ್ಸು ಖಾಲಿಯಾದ ಮೇಲೆ ಕಿಟಕಿಗಳ ಶಟರ್ ಇಳಿಸಿ, ಗಂಟಲು ಸರಿಮಾಡಿ ಅವಳ ಫೋನಿನ ಮುಂದೆ ನಿಂತರು. ಮೊದಲ ಸಲದ್ದು ಅವರಿಗೆ ಹಿಡಿಸಲಿಲ್ಲ. ಇನ್ನೊಮ್ಮೆ ಊದಿದರು. ಬಾಗು ಸರಿ ಬರಲಿಲ್ಲವೆಂದು ಮತ್ತೊಮ್ಮೆ. ಅಷ್ಟರಲ್ಲಿ ರುಕ್ಮಯ್ಯಣ್ಣ ಅರ್ಧ ಚಾ ಹಿಡಿದುಕೊಂಡೇ ಓಡಿ ಬಂದು ಸೀಟಿಗೆ ಹತ್ತಿದರು.

"ಹೊರಡುವುದಾ? ಟೈಮ್ ಆಗ್ಲಿಲ್ಲ ಅಲ್ಲ ಮಾರಾಯ."

ನಿಖಿತಾ ನಕ್ಕಳು. ಶಂಭಣ್ಣನೂ ನಕ್ಕರು. ರುಕ್ಮಯ್ಯಣ್ಣ ಗ್ಲಾಸು ನೋಡಿಕೊಂಡರು, ಚಾ ಎಲ್ಲ ಅಂಗಿಯ ಮೇಲಿತ್ತು.

ಆಟ ಬಂದಾಗ ಶಂಭಣ್ಣನ ಗೊಂಬೆಗೆ ಖಾಕಿ ಅಂಗಿ, ಹೆಗಲಿಗೆ ಚೀಲ, ಅವರಿಗೆ ಇಲ್ಲದಷ್ಟು ದೊಡ್ಡ ಮೀಸೆ.

"ಮೀಸೆ ಜಾಸ್ತಿ ಆಯ್ತು."

"ಮರ್ಯಾದೆಗೆ ಹಾಕಿದ್ದು ಶಂಭಣ್ಣ."

ಕೆಲವೇ ದಿನಗಳಲ್ಲಿ ಬಸ್ಸಿನ ಅರ್ಧ ಮಂದಿಯ ಫೋನಿನಲ್ಲಿ ಆ ಮೀಸೆ ಕುಣಿಯತೊಡಗಿತು. ಎಲ್ಲರ ಕಿವಿಯಲ್ಲೂ ಇಯರ್‌ಫೋನ್, ಏಕೆಂದರೆ ರುಕ್ಮಯ್ಯಣ್ಣನ ಬಸ್ಸಿನಲ್ಲಿ ಯಾರ ಫೋನೂ ಗಟ್ಟಿ ಹಾಡುವ ಹಾಗಿಲ್ಲ. ಶಂಭಣ್ಣನೂ ಟ್ರಿಪ್ಪಿನ ನಡುವಿನ ಬಿಡುವಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಆಡುವರು. ಮೊದಲು ಕಾಯಿ ತುರಿ, ಅದರ ಮೇಲೆ ಕಪ್ಪೆ, ಆಮೇಲೆ ಕತ್ತರಿ. ಶಿಳ್ಳೆಯನ್ನು ಕೊನೆಗೆ ಇಡಬೇಕು. ಮೊದಲೇ ಇಟ್ಟರೆ ಉಳಿದದ್ದೆಲ್ಲ ಅದರ ಹಿಂದೆ ಓಡುವ ಹಾಗೆ ಕೇಳುತ್ತದೆ. ಇದನ್ನು ಅವರು ತಾವೇ ಕಂಡುಕೊಂಡು ನಿಖಿತಾಳಿಗೂ ಹೇಳಿದ್ದರು. ಮನೆಯಲ್ಲಿ ಹೆಂಡತಿ ವಿನೋದಾ, "ನಿಮ್ಮ ಶಿಳ್ಳೆ ಕೇಳ್ಲಿಕ್ಕೆ ನಿಮಗೆ ಫೋನ್ ಬೇಕಾ? ನಾನು ಇಷ್ಟು ವರ್ಷ ಪುಕ್ಕಟೆ ಕೇಳ್ತಾ ಇದ್ದೇನೆ," ಎಂದು ಕುಟುಕಿದರು.

ವಾರಿಜಕ್ಕ ಬಿದ್ದದ್ದು ಅದಾದ ಮೇಲೆ.

ವಾರಿಜಾಕ್ಷಿ ಶಿರ್ತಾಡಿಯ ಹತ್ತಿರ ಒಂದು ಅಂಗನವಾಡಿಯ ಟೀಚರು. ಆ ದಿನ ಮಕ್ಕಳಿಗೆಂದು ಬಣ್ಣದ ಚೆಂಡುಗಳ ಚೀಲ ಹಿಡಿದುಕೊಂಡು ಹಿಂದಿನ ಬಾಗಿಲಿನಿಂದ ಇಳಿಯುತ್ತಿದ್ದರು. ಒಂದು ಕಾಲು ನೆಲದಲ್ಲಿ, ಒಂದು ಕಾಲು ಮೆಟ್ಟಿಲಲ್ಲಿ. ಶಂಭಣ್ಣ ಬಸ್ಸಿನ ನಡುವೆ ಜನರ ಮಧ್ಯೆ ಸಿಕ್ಕಿಕೊಂಡು ಯಾರಿಗೋ ಚಿಲ್ಲರೆ ಹುಡುಕುತ್ತಿದ್ದರು. ಎರಡು ಶಿಳ್ಳೆ ಕೇಳಿಸಿತು. ಎರಡನೆಯದರ ಕೊನೆಯಲ್ಲಿ ಆ ಬಾಗು. ಬಸ್ಸು ಹೊರಟಿತು. ಹಿಂದಿನಿಂದ ಹೆಂಗಸರು ಕೂಗಿದರು. ಬಸ್ಸು ನಿಂತಾಗ ವಾರಿಜಕ್ಕ ರಸ್ತೆಯಂಚಿನ ಜಲ್ಲಿಯ ಮೇಲೆ ಕೂತಿದ್ದರು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು. ಚೆಂಡುಗಳು ರಸ್ತೆಯಲ್ಲಿ ಒಂದೊಂದೇ ಉರುಳುತ್ತಿದ್ದವು.

"ನೀನು ಊದಿದಿ," ಎಂದರು ರುಕ್ಮಯ್ಯಣ್ಣ.

"ನಾನು ಊದ್ಲಿಲ್ಲ."

"ಶಂಭೂ, ನನಗೆ ಕೇಳಿತು. ಕಿವಿಯ ಹತ್ತಿರವೇ ಊದಿದ ಹಾಗೆ ಕೇಳಿತು. ಅಷ್ಟು ಸ್ಪಷ್ಟ ಯಾವತ್ತೂ ಕೇಳಿರ್ಲಿಲ್ಲ."

ಎಲ್ಲರಿಗೂ ಕೇಳಿತ್ತು. ಶಂಭಣ್ಣನಿಗೂ ಕೇಳಿತ್ತು. ಅದೇ ಅವರನ್ನು ತಿನ್ನತೊಡಗಿದ್ದು. ಆಟದ ನೆನಪು ಒಮ್ಮೆ ಬಂತು. ಆದರೆ ಅವರ ಫೋನು ಕಿಸೆಯಲ್ಲಿ ಆಫ್ ಆಗಿಯೇ ಇತ್ತು, ಮತ್ತು ಆಟದ ಶಿಳ್ಳೆ ಒಬ್ಬೊಬ್ಬರ ಕಿವಿಯೊಳಗೆ ಸಣ್ಣಗೆ ಇರುವಂಥದ್ದು. ಬಸ್ಸನ್ನು ಹೊರಡಿಸಿದ್ದು ಪೂರ್ತಿ ಗಾತ್ರದ ಶಿಳ್ಳೆ.

ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿದೆ ಎಂದು ಡಾಕ್ಟರು ಪ್ಲಾಸ್ಟರ್ ಹಾಕಿದರು. ವಾರಿಜಕ್ಕ ಜಗಳ ಮಾಡಲಿಲ್ಲ. "ನಿಮ್ಮ ಶಿಳ್ಳೆಯೇ ಶಂಭಣ್ಣ. ನಾನು ಇನ್ನೂ ಇಳೀತಾ ಇದ್ದೇನೆ, ಇವರು ಯಾಕೆ ಊದಿದ್ರು ಅಂತ ಆಶ್ಚರ್ಯ ಆಯ್ತು. ಅಷ್ಟರಲ್ಲಿ ಬಿದ್ದೆ," ಎಂದರು. ಬೈದಿದ್ದರೆ ಒಳ್ಳೆಯದಿತ್ತು ಎಂದು ಶಂಭಣ್ಣನಿಗೆ ಅನ್ನಿಸಿತು. ಬಂಟ್ವಾಳದ ಪೇಟೆಯಲ್ಲಿ ಬಸ್ಸಿನ ಮಾಲೀಕ ಅಬ್ದುಲ್ ವಹಾಬ್, ಎಲ್ಲರ ವಹಾಬಾಕ, ತಮ್ಮ ಅಂಗಡಿಯ ಹೊರಗೆ ಕುರ್ಚಿ ಹಾಕಿಸಿ ಕೂರಿಸಿದರು, ಚಾ ತರಿಸಿದರು, ಆಮೇಲೆ ಹೇಳಿದರು:

"ಶಂಭು, ನಿನ್ನ ಮೇಲೆ ನನಗೆ ಕೋಪ ಇಲ್ಲ. ಆದ್ರೆ ಇನ್ನೊಮ್ಮೆ ಹೀಗೆ ಆದ್ರೆ ಚೀಲ ಇಲ್ಲಿ ತಂದಿಟ್ಟು ಹೋಗು. ನಾನು ಕೇಳುವ ಹಾಗೆ ಮಾಡ್ಬೇಡ."

"ಆಯ್ತು ವಹಾಬಾಕ."

ಆ ಸಂಜೆ ಅವರು ವಿನೋದಾಳನ್ನು ಕೇಳಿದರು, ಮುಖ ನೋಡದೆ.

"ನಾನು ಮನೆಯಲ್ಲಿ ಗೊತ್ತಿಲ್ಲದೆ ಶಿಳ್ಳೆ ಹಾಕ್ತೇನಾ?"

"ಹಾಕ್ತೀರಲ್ಲ."

"ಯಾವಾಗ?"

"ಬಾಗಿಲು ಹಾಕುವಾಗ. ಬಾವಿಯಿಂದ ಕೊಡಪಾನ ಮೇಲೆ ಬಂದಾಗ. ಮೊನ್ನೆ ಮದುವೆ ಊಟದಲ್ಲಿ ಬಡಿಸುವವರು ಪಂಕ್ತಿ ದಾಟಿದ ಕೂಡಲೇ ಎರಡು ಹಾಕಿದ್ದೀರಿ, ನಾನೇ ನಿಮ್ಮ ಕಾಲು ತುಳಿದದ್ದು." ವಿನೋದಾ ನಗುತ್ತಿದ್ದರು. ಗಂಡನ ಮುಖ ಕಂಡು ನಿಲ್ಲಿಸಿದರು. "ಯಾಕೆ? ಎಂತಾಯ್ತು?"

ಶಂಭಣ್ಣ ತುಟಿಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು, ಅದು ಬೇರೆ ಯಾರದ್ದೋ ಎನ್ನುವ ಹಾಗೆ.

ಅಂದಿನಿಂದ ಬಸ್ಸಿನಲ್ಲಿ ಶಿಳ್ಳೆ ನಿಂತಿತು. ಶಂಭಣ್ಣ ಅಂಗೈಯಿಂದ ತಗಡನ್ನು ಬಡಿದು "ಹೋಲ್ಡಾನ್", "ರೈಟ್" ಎಂದು ಕೂಗತೊಡಗಿದರು. ಸಿದ್ಧಕಟ್ಟೆ ಬರುವಷ್ಟರಲ್ಲಿ ಗಂಟಲು ಒಡೆಯುತ್ತಿತ್ತು. ಬಾಯಲ್ಲಿ ಏಲಕ್ಕಿಯೋ ಲವಂಗವೋ ಒಂದನ್ನು ಕಚ್ಚಿಕೊಂಡೇ ಇರುವರು, ತುಟಿ ತಾನಾಗಿ ಎಡಕ್ಕೆ ಹೋಗದಿರಲೆಂದು. ಆಟದ ಲಿಂಕನ್ನು ಅವರು ಮತ್ತೆ ತೆರೆಯಲಿಲ್ಲ. ಪ್ರತಿ ಸ್ಟಾಪಿನಲ್ಲೂ ಇಳಿದು, ಕೊನೆಯ ಕಾಲು ನೆಲಕ್ಕೆ ಬಿದ್ದದ್ದನ್ನು ನೋಡಿ, ಮತ್ತೆ ಒಮ್ಮೆ ನೋಡಿ, ಆಮೇಲೆ ಬಡಿಯುವರು. ಬಸ್ಸು ತಡವಾಗತೊಡಗಿತು. ಹಿಂದಿನ ಬಸ್ಸಿನವರು ಹಾರ್ನ್ ಹಾಕಿ ಮುಂದೆ ಹೋಗುವರು.

"ನಿನ್ನ ಬಡಿತ ನನಗೆ ಅರ್ಥ ಆಗುವುದಿಲ್ಲ," ಎಂದರು ರುಕ್ಮಯ್ಯಣ್ಣ. "ಬ್ಯಾಗು ತಾಗಿದ್ರೂ ಅದೇ ಸದ್ದು, ನೀನು ಬಡಿದ್ರೂ ಅದೇ ಸದ್ದು. ಊದು ಮಾರಾಯ."

"ಊದಿದ್ರೆ ಯಾವಾಗ ಊದ್ತೇನೆ ಅಂತ ನನಗೇ ಗೊತ್ತಿಲ್ಲ."

ರುಕ್ಮಯ್ಯಣ್ಣ ಗೇರು ಹಾಕಿದರು. ಅವರ ಚಿಂತೆ ಬೇರೆಯೇ ಇತ್ತು, ಅದನ್ನು ಅವರು ಹೇಳಿರಲಿಲ್ಲ. ಶಂಭು ಊದಿಲ್ಲ ಎಂಬುದು ನಿಜವಾದರೆ ತನ್ನ ಕಿವಿ ಇಲ್ಲದ್ದನ್ನು ಕೇಳಿದೆ. ಇಲ್ಲದ್ದನ್ನು ಕೇಳುವ ಕಿವಿಯಿಂದ ಬಸ್ಸು ಬಿಡುವುದು ಹೇಗೆ. ಹೀಗೆ ಒಬ್ಬರು ತಮ್ಮ ಬಾಯನ್ನೂ ಇನ್ನೊಬ್ಬರು ತಮ್ಮ ಕಿವಿಯನ್ನೂ ನಂಬದೆ, ತುಂಬಿದ ಬಸ್ಸನ್ನು ದಿನವೂ ಬಂಟ್ವಾಳದಿಂದ ಶಿರ್ತಾಡಿಗೆ ಒಯ್ಯುತ್ತಿದ್ದರು.

ಗೊತ್ತಾದದ್ದು ಒಂದು ಗೋಳಿಬಜೆಯಿಂದ.

ಮೂಡುಬಿದಿರೆ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತ್ತು. ಕಾಲೇಜು ಹುಡುಗಿಯರು ಹತ್ತಿ, ಎಂದಿನಂತೆ ತಮ್ಮ ಚೀಲಗಳನ್ನು ಡ್ರೈವರ್ ಪಕ್ಕದ ಇಂಜಿನ್ ಪೆಟ್ಟಿಗೆಯ ಮೇಲೆ ರಾಶಿ ಹಾಕಿದ್ದರು. ನಿಂತು ಹೋಗುವವರ ಹೊರೆಯನ್ನೆಲ್ಲ ಆ ಪೆಟ್ಟಿಗೆಯೇ ಹೊರುವುದು ಈ ಕಡೆಯ ವಾಡಿಕೆ. ರುಕ್ಮಯ್ಯಣ್ಣ ಸೀಟಿನಲ್ಲಿದ್ದರು. ಶಂಭಣ್ಣ ಮುಂದಿನ ಬಾಗಿಲ ಕೆಳಗೆ, ಅವರಿಗೆ ಎದುರಾಗಿ ನಿಂತು ಒಂದು ಇಡೀ ಗೋಳಿಬಜೆಯನ್ನು ಬಾಯಿಗೆ ಹಾಕಿದ್ದರು. ಆಗಷ್ಟೇ ಎಣ್ಣೆಯಿಂದ ತೆಗೆದದ್ದು, ಬಿಸಿ ಇತ್ತು. ಕೆನ್ನೆ ಎರಡೂ ಉಬ್ಬಿ, ಕಣ್ಣಲ್ಲಿ ನೀರು ಬಂದಿತ್ತು.

ಎರಡು ಶಿಳ್ಳೆ.

ರುಕ್ಮಯ್ಯಣ್ಣನ ಕೈ ಗೇರಿಗೆ ಹೋಯಿತು. ಕೈ ಅಲ್ಲೇ ನಿಂತಿತು. ಅವರು ಶಂಭಣ್ಣನನ್ನು ನೋಡಿದರು. ಶಂಭಣ್ಣ ಉಬ್ಬಿದ ಕೆನ್ನೆಯಲ್ಲೇ ಅವರನ್ನು ನೋಡಿದರು. ಮತ್ತೆ ಎರಡು ಶಿಳ್ಳೆ, ಅದೇ ಬಾಗು, ಇಂಜಿನ್ ಪೆಟ್ಟಿಗೆಯ ಮೇಲಿನ ರಾಶಿಯೊಳಗಿನಿಂದ.

"ಇದು ಯಾರ ಚೀಲ?" ರುಕ್ಮಯ್ಯಣ್ಣನ ದನಿ ತಗ್ಗಿತ್ತು.

ಚೀಲ ಆಫ್ರಾಳದ್ದು. ಪಿಯುಸಿ ಓದುವ ಹುಡುಗಿ, ಬಸ್ಸಿನ ನಡುವೆ ಫೋನು ಹಿಡಿದು ನಿಂತಿದ್ದಳು. ಚೀಲದ ಜಿಪ್ ಎಳೆದರೆ ಒಳಗೆ ಊಟದ ಡಬ್ಬಿಯ ಪಕ್ಕ ಅಂಗೈಯಷ್ಟು ದೊಡ್ಡ ಒಂದು ಬ್ಲೂಟೂತ್ ಸ್ಪೀಕರ್, ನೀಲಿ ದೀಪ ಮಿನುಗಿಸುತ್ತ ಕೂತಿತ್ತು.

"ಕಾಲೇಜ್ ಡೇ ಪ್ರಾಕ್ಟೀಸಿಗೆ ತಂದದ್ದು ಅಣ್ಣ. ಆಫ್ ಮಾಡ್ಲಿಕ್ಕೆ ಮರೆತಿದ್ದೆ. ಅದು ಫೋನಿಗೆ ತಾನೇ ಕನೆಕ್ಟ್ ಆಗ್ತದೆ. ನನಗೆ ಇಯರ್‌ಫೋನಿನಲ್ಲಿ ಎಂತದೂ ಕೇಳ್ಲಿಲ್ಲ, ಅದಕ್ಕೆ ಟೊಪ್ಪಿಯನ್ನು ಮತ್ತೆ ಮತ್ತೆ ಇಟ್ಟೆ..." ಅವಳ ಮುಖ ನಿಧಾನಕ್ಕೆ ಬದಲಾಯಿತು. "ವಾರಿಜಕ್ಕ ಬಿದ್ದ ದಿನವೂ ಇದು ಚೀಲದಲ್ಲಿತ್ತು, ನನಗೆ ಕೇಳಿರ್ಲಿಲ್ಲ. ಇಯರ್‌ಫೋನ್ ಹಾಳಾಯ್ತು ಅಂತ ಗೇಮ್ ಬಂದ್ ಮಾಡಿದ್ದು. ಶಿಳ್ಳೆ ನೀವೇ ಹಾಕಿದ್ದು ಅಂತ..."

ಅವಳು ಅಳತೊಡಗಿದಳು. ಶಂಭಣ್ಣ ಬಾಯಲ್ಲಿದ್ದದ್ದನ್ನು ಕಷ್ಟಪಟ್ಟು ನುಂಗಿದರು.

"ಅಳ್ಬೇಡ ಮಗಾ. ನಿನ್ನದೆಂತ ಉಂಟು ಇದರಲ್ಲಿ. ಶಿಳ್ಳೆಯ ಟೊಪ್ಪಿ ಯಾವಾಗಲೂ ಕೊನೆಗೆ ಇಡ್ಬೇಕು ಅಂತ ನಾನು ನಿಖಿತಾಳಿಗೆ ಹೇಳಿದ್ದೆ, ಅಷ್ಟೇ."

ರುಕ್ಮಯ್ಯಣ್ಣ ನಕ್ಕರು. ಕಿವಿ ಇಲ್ಲದ್ದನ್ನು ಕೇಳಿರಲಿಲ್ಲ ಎಂದು ಗೊತ್ತಾದ ನಗು ಅದು, ಬಹಳ ಹೊತ್ತು ನಿಲ್ಲಲಿಲ್ಲ. ಶಂಭಣ್ಣನೂ ನಗಲು ನೋಡಿದರು. ಬಾಯಿ ನಿರ್ದೋಷಿ ಎಂದು ತಿಳಿದ ಹಗುರ ಮೂಡುಬಿದಿರೆಯಿಂದ ಶಿರ್ತಾಡಿಯವರೆಗೆ ಇತ್ತು. ವಾರಿಜಕ್ಕ ಇಳಿಯುವ ಸ್ಟಾಪು ಬಂದಾಗ ಅದು ಹೋಯಿತು. ಬಾಯಿ ತಪ್ಪು ಮಾಡಿದ್ದರೆ ಬಾಯಿ ಮುಚ್ಚಿಕೊಳ್ಳಬಹುದಿತ್ತು. ಈಗ ಎಷ್ಟು ಫೋನುಗಳ ಬಾಯಿ ಮುಚ್ಚುವುದು?

ನಿಖಿತಾ ಅದೇ ದಿನ ಶಿಳ್ಳೆಯನ್ನು ಆಟದಿಂದ ತೆಗೆದಳು. ಮೀಸೆಯ ಗೊಂಬೆ ಸುಮ್ಮನೆ ನಿಂತಿತು. ಮರುದಿನ ಬಸ್ಸಿನಲ್ಲಿ ಶಂಭಣ್ಣನ ಪಕ್ಕ ಬಂದು ನಿಂತವಳು ಟಿಕೆಟನ್ನು ಮಡಚುತ್ತ ಬಿಚ್ಚುತ್ತ ಇದ್ದಳು.

"ತೆಗೆದೆ ಶಂಭಣ್ಣ. ಆದ್ರೆ..."

"ಎಂತ ಆದ್ರೆ?"

"ಬೇರೆಯವರು ಮೊದಲೇ ತಗೊಂಡಿದ್ದಾರೆ. ಈ ಗೇಮಿನಲ್ಲಿ ಹಾಗೆಯೇ, ಒಬ್ಬರದ್ದನ್ನು ಇನ್ನೊಬ್ಬರು ತಗೊಂಡು ತಮ್ಮದು ಮಾಡ್ತಾರೆ. ನಾನೂ ಹಾಗೆಯೇ ಮಾಡಿದ್ದು. ಬ್ರೆಜಿಲಿನವನು ಒಬ್ಬ ಹಾಕಿದ್ದಾನೆ. ಅದರಲ್ಲಿ ನಿಮಗೆ ರೆಕ್ಕೆ ಉಂಟು. ಕಾಲೇಜಿನವರ ಹತ್ತಿರ ಒಂದೆರಡು ಕಾಪಿ ಉಂಟು. ಅದೆಲ್ಲ ನನ್ನ ಕೈಯಲ್ಲಿಲ್ಲ."

ಶಂಭಣ್ಣ ಕೈಯಲ್ಲಿದ್ದ ಚಿಲ್ಲರೆಯನ್ನು ಚೀಲಕ್ಕೆ ಹಾಕಿದರು.

"ರೆಕ್ಕೆ ಬೇರೆ," ಎಂದರು.

ವಹಾಬಾಕ ಎಲ್ಲ ಕೇಳಿ, ಪೀಪಿ ತೆಗೆದುಕೋ ಎಂದರು. ಪೀಪಿ ಯಾವ ಅಂಗಡಿಯಲ್ಲೂ ಯಾರಿಗೂ ಸಿಗುತ್ತದೆ ಎಂದು ರುಕ್ಮಯ್ಯಣ್ಣ ಒಪ್ಪಲಿಲ್ಲ. ಹೊಸ ಶಿಳ್ಳೆ ಮಾಡುವ ಎಂದರು. ಮಧ್ಯಾಹ್ನ ಶಿರ್ತಾಡಿಯಲ್ಲಿ ಜನ ಇಳಿದ ಮೇಲೆ ಇಬ್ಬರೂ ಬಸ್ಸಿನ ಎರಡು ತುದಿಯಲ್ಲಿ ನಿಂತು ಅಭ್ಯಾಸ ಮಾಡಿದರು. ಒಂದು ಗಿಡ್ಡ, ಒಂದು ಉದ್ದ, ಕೊನೆಯಲ್ಲಿ ಬಾಗು ಇಲ್ಲ. ಶಂಭಣ್ಣನ ತುಟಿ ಹಳೆಯ ಜಾಡಿಗೇ ಹೋಗುತ್ತಿತ್ತು. ಗಿಡ್ಡದ್ದು ಬಂದರೆ ಉದ್ದದ್ದು ಬಾಗುವುದು. ಬಾಗನ್ನು ಹಿಡಿದರೆ ಗಾಳಿ ಮಾತ್ರ ಬರುವುದು.

"ಇದು ಯಾರದ್ದು, ಕುಕ್ಕರಿನದ್ದಾ?" ರುಕ್ಮಯ್ಯಣ್ಣ ಮುಂದಿನಿಂದ ಕೂಗಿದರು.

"ನಿಮ್ಮ ಹೆಂಡತಿಯ ಕುಕ್ಕರ್ ಇದಕ್ಕಿಂತ ಚಂದ ಊದ್ತದೆ, ನನಗೂ ಗೊತ್ತುಂಟು."

ಕೊನೆಗೆ ಬಂತು. ಬಾಗು ಇಲ್ಲದ, ನೇರವಾದ, ಸ್ವಲ್ಪ ಬೋಳಾದ ಶಿಳ್ಳೆ. ಕೇಳಿದರೆ ಬೇರೆ ಯಾವುದೋ ಬಸ್ಸಿನವರದ್ದು ಅನ್ನಿಸುವಂಥದ್ದು. ರುಕ್ಮಯ್ಯಣ್ಣ ಕೈ ಎತ್ತಿ ಆಗಬಹುದು ಎಂದರು.

ಪ್ಲಾಸ್ಟರ್ ತೆಗೆದ ಮೇಲೆ ವಾರಿಜಕ್ಕ ಮೊದಲ ಸಲ ಬಸ್ಸಿಗೆ ಬಂದರು. ಶಂಭಣ್ಣ ಅವರಿಗೆ ಸ್ಪೀಕರಿನ ಕಥೆಯನ್ನೆಲ್ಲ ಹೇಳಿದರು. ಅವರು ಸಪೂರವಾದ ಮಣಿಕಟ್ಟನ್ನು ನೀವಿಕೊಳ್ಳುತ್ತ ಕೇಳಿದರು.

"ಹಾಗಾದ್ರೆ ಇನ್ನು ನಾವು ಎಂತ ಕೇಳಿ ಇಳಿಯುವುದು ಶಂಭಣ್ಣ?"

"ನೀವು ಆರಾಮದಲ್ಲಿ ಇಳಿಯಿರಿ. ನಾನು ಕೆಳಗೆ ಇರ್ತೇನೆ."

ಅವರ ಸ್ಟಾಪಿನಲ್ಲಿ ಶಂಭಣ್ಣ ಮೊದಲು ಇಳಿದು ಜಲ್ಲಿಯ ಮೇಲೆ ನಿಂತರು. ವಾರಿಜಕ್ಕ ಕಂಬಿ ಹಿಡಿದು ಒಂದು ಕಾಲು ಇಟ್ಟರು, ಇನ್ನೊಂದು ಕಾಲು ಇಟ್ಟರು, ಎರಡು ಹೆಜ್ಜೆ ದೂರ ಸರಿದು ತಿರುಗಿ ನೋಡಿದರು. ಬಸ್ಸು ಅಲುಗಲಿಲ್ಲ. ಶಂಭಣ್ಣ ನಾಲಗೆಯನ್ನು ಹಲ್ಲಿಗೆ ಒತ್ತಿದರು.

ಆಗ ಕಿಟಕಿಯಲ್ಲಿ ಒಂದು ಫೋನು ಕಂಡಿತು. ಯಾವುದೋ ಹುಡುಗಿ ಕೈ ಚಾಚಿ ಹಿಡಿದಿದ್ದಳು. ತನ್ನ ಮುಖವನ್ನೇ ತೆಗೆದುಕೊಳ್ಳುತ್ತಿದ್ದಳೋ, ರಸ್ತೆಯಾಚೆಯ ಗದ್ದೆಯನ್ನೋ, ಇವರನ್ನೋ, ಕೆಳಗಿನಿಂದ ತಿಳಿಯುತ್ತಿರಲಿಲ್ಲ. ಒಳಗೆ ರೆಕಾರ್ಡಿಂಗಿನ ಕೆಂಪು ಚುಕ್ಕಿ ಇತ್ತೇ ಎಂದು ಅವರು ಕಣ್ಣು ಕಿರಿದು ಮಾಡಿದರು. ಬಿಸಿಲು ಗಾಜಿನ ಮೇಲೆ ಬಿದ್ದು ಏನೂ ಕಾಣಲಿಲ್ಲ.

ಶಂಭಣ್ಣ ತುಟಿ ಮುಚ್ಚಿದರು. ಬಸ್ಸಿನ ಉದ್ದಕ್ಕೂ ನಡೆದು, ಮುಂದಿನಿಂದ ಬಳಸಿ, ಡ್ರೈವರ್ ಕಿಟಕಿಯ ಕೆಳಗೆ ಬಂದು ನಿಂತರು. ರುಕ್ಮಯ್ಯಣ್ಣ ತಲೆ ಹೊರಗೆ ಹಾಕಿದರು.

"ಎಂತ ಶಂಭೂ, ಬರುವುದಿಲ್ವಾ ಶಿಳ್ಳೆ?"

"ಬರ್ತದೆ," ಎಂದರು ಶಂಭಣ್ಣ. ಆಮೇಲೆ ಅವರಿಗೊಬ್ಬರಿಗೇ ಕೇಳುವಷ್ಟು ಸಣ್ಣ ದನಿಯಲ್ಲಿ, "ವಾರಿಜಕ್ಕ ಇಳಿದಾಯ್ತು. ನಾನು ಕಣ್ಣಾರೆ ನೋಡಿದೆ. ನಾನು ಹತ್ತಿದ್ದನ್ನು ಕನ್ನಡಿಯಲ್ಲಿ ನೋಡಿ ಹೊರಡಿ."

ಹೇಳಿ ಅವರು ಮತ್ತೆ ಹಿಂದಿನ ಬಾಗಿಲಿಗೆ ನಡೆದರು, ದಾರಿಯುದ್ದಕ್ಕೂ ಒಂದೊಂದು ಕಿಟಕಿಯನ್ನೂ ನೋಡುತ್ತ.